ಅಮ್ಮನ ಕುಂಡದ ಲೋಳೆ

ಪ್ರಯೋಗಾಲಯಕ್ಕೆಂದು ತಂದ ಮಣ್ಣಿನ ಪೊಟ್ಟಣ ಬಸ್ಸಿನಲ್ಲೇ ಒಡೆದುಹೋದದ್ದರಿಂದ, ಅವನು ತೀರಿಕೊಂಡ ಅಮ್ಮನ ಹೂವಿನ ಕುಂಡದಿಂದ ಒಂದು ಚಿಟಿಕೆ ಮಣ್ಣು ಒಯ್ದಿದ್ದ. ತಾಪತ್ರಯ ಶುರುವಾದದ್ದು ಅಲ್ಲಿಂದ.

ಆ ಮಣ್ಣಿನ ಬ್ಯಾಕ್ಟೀರಿಯಾ ಸಕ್ಕರೆ ತಿಂದು, ನೆಗಡಿಯಾದ ಮಗುವಿನ ಮೂಗಿನಂತೆ ಲೋಳೆ ಸುರಿಸಿತು. ತಣ್ಣನೆಯ ಆಲ್ಕೋಹಾಲ್ ಹೊಯ್ದರೆ ಹತ್ತಿಯೆಳೆಯಂತೆ ಬೆಳ್ಳಗೆ ತೇಲಿತು. ಸಕ್ಕರೆಗಳೇ ಸರಪಳಿಯಾಗಿ ಹೆಣೆದುಕೊಂಡ ಪಾಲಿಸ್ಯಾಕರೈಡ್ ಅದು. ಪರೀಕ್ಷೆಯ ನೇರಳೆ ದ್ರಾವಣಕ್ಕೆ ಬಿಟ್ಟಾಗ ನೇರಳೆ ಅಳಿದು ಹಳದಿಯಾಯಿತು. ಅಂದರೆ, ಕಬ್ಬಿಣ ತುಕ್ಕು ಹಿಡಿದಂತೆ ಜೀವಕೋಶ ಸವೆಯುವುದನ್ನು ತಡೆಯುವ ಗುಣ ಅದಕ್ಕಿತ್ತು.

"ಲೋಳೆರಾಯ, ಬ್ಯಾಕ್ಟೀರಿಯಾ ಹೊಸದಾದ್ರೆ ನಿನ್ನ ಕೆಲಸ ಉಳೀತು," ಎಂದರು ಮೇಲಧಿಕಾರಿ. "ಇಲ್ದಿದ್ರೆ ತಿಂಗಳ ಕೊನೆಗೆ ಬೀಳ್ಕೊಡುಗೆ. ನಡಿ, ಆ ಕುಂಡ ನಾನೇ ನೋಡ್ತೀನಿ."

"ಹೊಸದಾದ್ರೆ ಅಮ್ಮನ ಹೆಸರಿಡ್ತೀನಿ ಸರ್."

"ಇಡಪ್ಪ. ನಮ್ಮತ್ತೆ ಹೆಸರು ಇಡ್ದಿದ್ರೆ ಸಾಕು."

ಮನೆಗೆ ಬಂದರೆ ಕಿಟಕಿಯಲ್ಲಿ ಕುಂಡವೇ ಇಲ್ಲ. ನೀರು ಹಾಕುತ್ತೇನೆಂದು ಒಯ್ದಿದ್ದ ಎದುರುಮನೆ ಅಜ್ಜಿ, ಅದನ್ನು ಕೈಗೂಸಿನಂತೆ ಅವಚಿಕೊಂಡು ತಮ್ಮ ಬಾಗಿಲಲ್ಲಿ ನಿಂತಿದ್ದರು. ಅವನು ಪರೀಕ್ಷೆಗೆ ಮಣ್ಣು ಬೇಕೆಂದ.

"ಮೇಲಿನ ಮಣ್ಣು ಬೇಕಾದ್ರೆ ತಗೋ ಮಗಾ. ಅಡಿಗೆ ಕೈ ಹಾಕ್ಬೇಡ."

"ಅಡೀದೇ ಬೇಕು ಅಜ್ಜಿ."

"ಬೇಡ ಅಂದ್ರೆ ಬೇಡ."

ಜಗ್ಗಾಟದಲ್ಲಿ ಕುಂಡ ಮೇಲಧಿಕಾರಿಯ ಹೊಸ ಬೂಟಿನ ಮೇಲೆ ಬಿದ್ದು ಒಡೆಯಿತು. ಬೇರಿನ ಕೆಳಗಿಂದ, ಮಡಚಿಟ್ಟ ಬೆಳ್ಳಿಬಣ್ಣದ ಮಾತ್ರೆಹಾಳೆಗಳು ಒಂದರ ಹಿಂದೊಂದು ಜಾರಿಬಂದವು. ಎಲ್ಲವೂ ಖಾಲಿ.

ಮೇಲಧಿಕಾರಿ ಒಂದನ್ನು ಒರೆಸಿ ಓದಿದರು. "ಹೊಟ್ಟೆ ಸರಿಹೋಗಲಿ ಅಂತ ಮಾರೋ ಬ್ಯಾಕ್ಟೀರಿಯಾ ಇದು. ನಿನ್ನ ತಟ್ಟೇಲಿ ಬೆಳೆದದ್ದನ್ನ ಎಲ್ಲೋ ನೋಡಿದ್ದೀನಲ್ಲ ಅಂದ್ಕೊಂಡೆ. ಔಷಧಿ ಅಂಗಡೀಲಿ ಸಿಗೋದಕ್ಕೆ ನಿಮ್ಮಮ್ಮನ ಹೆಸರು ಹೇಗಪ್ಪ ಇಡೋದು?" ಬೂಟು ಕೊಡವಿ, ಅವನ ಭುಜ ತಟ್ಟಿ, ಇಳಿದುಹೋದರು.

ಅಮ್ಮನ ಕಾಯಿಲೆಯಲ್ಲಿ ಆ ಮಾತ್ರೆಗಳನ್ನು ತಂದವನು ಅವನೇ. ದಿನವೂ ಮಲಗುವ ಮುಂಚೆ "ತಗೊಂಡ್ಯಾ?" ಎಂದು ಕೇಳುತ್ತಿದ್ದ, ಅಮ್ಮ "ಹೂಂ, ಆಯ್ತು" ಎನ್ನುತ್ತಿದ್ದಳು.

"ಬಿಡಿಸಿ ಬಿಡಿಸಿ ಮಣ್ಣಿಗೆ ಉದುರಿಸ್ತಿದ್ಲು," ಎಂದರು ಅಜ್ಜಿ. "ನಂಗಿನ್ನು ಯಾವ್ದೂ ನಾಟಲ್ಲ, ಗಿಡಕ್ಕಾದ್ರೂ ನಾಟ್ಲಿ ಅಂತಿದ್ಲು. ಮಗ ಆಸೆಯಿಂದ ತರ್ತಾನೆ, ಹೇಳ್ಬೇಡಿ ಅಂತ ಆಣೆ ಹಾಕಿಸ್ಕೊಂಡಿದ್ಲು."

ಅಜ್ಜಿ ಹಳೆಯ ಬಕೆಟ್ಟೊಂದನ್ನು ತಂದರು; ಇಬ್ಬರೂ ಕೂತು ಮಣ್ಣು ಬಳಿದು ಗಿಡ ನೆಟ್ಟರು. ಆಮೇಲೆ ಅಜ್ಜಿ ಸೆರಗಿನ ಗಂಟು ಬಿಚ್ಚಿದರು. "ಇದೊಂದು ಉಳಿದಿತ್ತು."

ಅವನು ಮಾತ್ರೆಯ ಕವಚ ಬಿಡಿಸಿ, ಪುಡಿಯನ್ನು ಬುಡಕ್ಕೆ ಉದುರಿಸಿ, ರೂಢಿಯಿಂದ ಮೆಲ್ಲಗೆ ಕೇಳಿದ: "ತಗೊಂಡ್ಯಾ?"

ಹೂಂ ಎನ್ನುವವರಿಲ್ಲದೆ, ಅಜ್ಜಿಯೇ ಹೂಂಗುಟ್ಟಿದರು.