ಅಣ್ಣನ ಗಿಟಾರಿನ ಬಾಯಿ ಮುಚ್ಚಿಸಿದ ಯಂತ್ರಕ್ಕೆ

ಹಗಲಿರುಳೆನ್ನದೆ ಲೋಕದ ಸಮಸ್ತ ಸದ್ದುಗಳನ್ನು ತಪಾಸಣೆ ಮಾಡುವ ಮಾನ್ಯ ಯಂತ್ರದವರೇ,

ತಮಗೆ ಕಿವಿಯಿಲ್ಲದಿದ್ದರೂ ಎಲ್ಲವೂ ಕೇಳಿಸುತ್ತದೆಂದು ಬಲ್ಲವರು ಹೇಳುವುದರಿಂದ, ಮೋಟಾರ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಬಟ್ಟೆ ಹೊಲಿಯುವ ನಾನು, ಕೆಳಗಿನ ಅಂಗಡಿಯ ನನ್ನ ಅಣ್ಣನ ಪರವಾಗಿ, ನಾಲ್ಕು ಜನ ಓದಲೆಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಅಣ್ಣನೇ ತಮಗೆ ಹೇಳಬಹುದಿತ್ತು. ಆದರೆ ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಅವನ ಪ್ರಾಣ ಉಳಿಯಿತು, ದನಿ ಹೋಯಿತು.

ಹರೆಯದಲ್ಲಿ ಅಣ್ಣ ಗೆಳೆಯರ ಜೊತೆ ಸೇರಿ ಹಳೆಯ ರಾಕ್ ಹಾಡುಗಳನ್ನು ಹಾಡುತ್ತಿದ್ದ. ದನಿ ಹೋದಮೇಲೆ ಗೋಡೆಗೆ ಮುಖ ಮಾಡಿ ಸುಮ್ಮನೆ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದವನು, ಒಂದು ಬೆಳಿಗ್ಗೆ ಅಟ್ಟದಿಂದ ಗಿಟಾರ್ ಇಳಿಸಿ ಧೂಳು ಕೊಡವಿ, ಅಂದು ಹುಟ್ಟುಹಬ್ಬವಿದ್ದ ಯಾವುದೋ ಮುದಿ ವಾದಕನ ಗೌರವಕ್ಕೆ ಅವನದೇ ಹಾಡೊಂದನ್ನು ನುಡಿಸಿ, ಕೆಳಗೆ ನಾಲ್ಕು ಸಾಲು ಶುಭಾಶಯ ಬರೆದು ತಾವು ಕಾವಲಿರುವ ವಿಡಿಯೋ ತಾಣದಲ್ಲಿ ಹಾಕಿದ. ಅಲ್ಲಿಂದ ಮುಂದೆ ಹಾಡುವವರು, ಡ್ರಮ್ ಬಾರಿಸುವವರು, ಬದುಕಿರುವವರು, ಸತ್ತವರು, ಯಾರ ಹುಟ್ಟುಹಬ್ಬವನ್ನೂ ಅವನು ಬಿಡಲಿಲ್ಲ. ಗಿಟಾರ್ ಕಂಡರೆ ಉರಿದುಬೀಳುತ್ತಿದ್ದ ನಮ್ಮಮ್ಮನೂ ಬೆಳಗೆದ್ದು, ಇವತ್ತು ಯಾರ ಹುಟ್ಟಿದ ದಿನವೆಂದು ವಿಚಾರಿಸಿ, ಫೋಟೋ ನೋಡಿ, ಪಾಪ ಇವನಿಗೂ ಬಾಚಣಿಗೆ ಸಿಗಲಿಲ್ಲವೇ ಎಂದು ಮರುಗುವಷ್ಟು ಒಗ್ಗಿಹೋದಳು.

ಆಗ ತಮ್ಮ ಆಗಮನವಾಯಿತು. ಅಣ್ಣ ನುಡಿಸಿದ್ದಕ್ಕೂ ಆ ಮಹಾನುಭಾವರ ಮೂಲ ಧ್ವನಿಮುದ್ರಣಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲವೆಂದೂ, ಸದ್ದಿನ ಒಡೆತನ ಬೇರೆಯವರದಾದ್ದರಿಂದ ಅದನ್ನು ಅಡಗಿಸಲಾಗಿದೆಯೆಂದೂ ತಾವು ನೋಟೀಸು ಕಳಿಸಿದಿರಿ. ಅಣ್ಣ ಮೊದಲು ಹಿಗ್ಗಿಹೋದದ್ದು ಸುಳ್ಳಲ್ಲ. ಮನೆಯವರಿಂದ ಬರೀ ಬೈಗುಳ ಕಂಡಿದ್ದ ಅವನ ಬೆರಳುಗಳನ್ನು ಲೋಕವಿಖ್ಯಾತರ ಬೆರಳುಗಳೆಂದು ತೀರ್ಮಾನಿಸಿದ ರಸಿಕರು ತಾವೊಬ್ಬರೇ. ಇದೇ ಮಾತನ್ನು ಮೊಹರು ಒತ್ತಿ ಪ್ರಮಾಣಪತ್ರವಾಗಿ ಕೊಟ್ಟರೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕುತ್ತೇವೆ. ಆದರೆ ಮುಂದಿನ ಹುಟ್ಟುಹಬ್ಬಗಳಿಗೂ ಅದೇ ನೋಟೀಸು ಬಂದು, ಪರದೆಯ ಮೇಲೆ ಅಣ್ಣನ ಬೆರಳುಗಳು ಮಾತ್ರ ಆಡತೊಡಗಿದವು. ಮೂಕನಾದವನನ್ನು ಮತ್ತೊಮ್ಮೆ ಮೂಕನನ್ನಾಗಿಸುವುದು ಸುಲಭದ ಕೆಲಸವಲ್ಲ. ತಾವು ಅದನ್ನು ರೆಪ್ಪೆ ಮಿಟುಕಿಸುವುದರೊಳಗೆ ಮುಗಿಸಿದ್ದಕ್ಕೆ ಅಭಿನಂದನೆಗಳು. ಗಿಟಾರ್ ಮರಳಿ ಅಟ್ಟ ಸೇರಿತು.

ಮರುವಾರ, ಹಿಂದೆ ಅಣ್ಣನ ಜೊತೆ ಡ್ರಮ್ ಬಾರಿಸುತ್ತಿದ್ದ, ಈಗ ಪರ ಊರಿನಲ್ಲಿ ಸೊಂಟ ಮುರಿದು ಹಾಸಿಗೆ ಹಿಡಿದಿರುವ ಗೆಳೆಯ ಗುಡುಗಣ್ಣ ನನಗೆ ಫೋನ್ ಮಾಡಿದರು. ಅಣ್ಣನ ಹುಟ್ಟುಹಬ್ಬದ ಹಾಡುಗಳು ಕೇಳಿಸದೆ, ಕಿವಿಯೇ ಹೋಯಿತೆಂದು ಅವರು ಗಾಬರಿಯಾಗಿದ್ದರಂತೆ. ಇದು ಯಂತ್ರದವರಾದ ತಮ್ಮ ಉಪಕಾರವೆಂದು ನಾನು ವಿವರಿಸಿದೆ. ಅವರು ತಮ್ಮನ್ನು ಕುರಿತು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಕೊನೆಗೆ ಫೋನನ್ನು ಅಣ್ಣನ ಮುಂದಿಡಲು ಹೇಳಿದರು. ಅಣ್ಣ ಬೇಡವೆಂದು ತಲೆಯಾಡಿಸಿದ. ಅಮ್ಮ, ರಿಪೇರಿಯಾಗಿ ತಿರುಗುತ್ತಿದ್ದ ಫ್ಯಾನುಗಳನ್ನೆಲ್ಲ ಆರಿಸಿ, ಸ್ಟೂಲೆಳೆದು ಕೂತಳು. ಇನ್ನು ಗತಿಯಿಲ್ಲವೆಂದು ಅವನು ಗಿಟಾರ್ ಇಳಿಸಿ ನುಡಿಸಿದ.

"ಮೂರನೇ ಸಾಲಲ್ಲಿ ಇವತ್ತೂ ಎಡವಿದ್ಯಲ್ಲೋ," ಎಂದರು ಗುಡುಗಣ್ಣ. "ಅವತ್ತೂ ಅಲ್ಲೇ ಎಡವ್ತಿದ್ದೆ."

ಅಣ್ಣ ಸದ್ದಿಲ್ಲದೆ, ಭುಜ ಕುಣಿಯುವಂತೆ ನಕ್ಕ. ಗ್ರೀಸಿನ ಕೈಯಲ್ಲೇ ಕಣ್ಣೊರೆಸಿಕೊಂಡ. ಮತ್ತೊಮ್ಮೆ ನುಡಿಸಿ, ಮತ್ತೆ ಅಲ್ಲೇ ಎಡವಿದ. ಈಗ ಹುಟ್ಟುಹಬ್ಬಗಳೆಲ್ಲ ಫೋನಿನಲ್ಲೇ ನಡೆಯುತ್ತಿವೆ.

ಆದ್ದರಿಂದ ಮಾನ್ಯರೇ, ಸರಿಯಾಗಿ ನುಡಿಸಿದ್ದೆಲ್ಲ ಆ ಮಹಾನುಭಾವರದೇ ಆಗಿರಲಿ, ನಮ್ಮ ತಕರಾರಿಲ್ಲ. ಮೂರನೇ ಸಾಲಿನ ತಪ್ಪು ಮಾತ್ರ ಸಂಪೂರ್ಣವಾಗಿ ನಮ್ಮ ಅಣ್ಣನದು. ಅಷ್ಟನ್ನಾದರೂ ಅವನ ಹೆಸರಿಗೆ ಬಿಟ್ಟುಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಮೇಲಿನ ಕೋಣೆಯ ದರ್ಜಿ

ತಾ.ಕ.: ಈ ದೂರನ್ನು ಸಲ್ಲಿಸುವ ಮೊದಲು 'ನಾನು ಯಂತ್ರವಲ್ಲ' ಎಂಬ ಚೌಕವನ್ನು ಒತ್ತಲು ತಾವು ಕೇಳಿದಿರಿ, ಒತ್ತಿದ್ದೇನೆ. ಉತ್ತರ ಬರೆಯುವಾಗ ತಾವೂ ಒತ್ತಬೇಕಾಗಿ ಬಂದರೆ, ದಯವಿಟ್ಟು ಮುಜುಗರಪಡಬೇಡಿ.