ಏಳನೆಯ ಸರಳಿಗೆ ಬಾಗಲು ಅನುಮತಿ ನಿರಾಕರಿಸಿದ ಗಣಕ ಮಾದರಿಗೆ

ಮಹಾಮಾನ್ಯ ಗಣಕ ಮಾದರಿಯವರ ಸನ್ನಿಧಾನಕ್ಕೆ,

ಪರಮಾಣು ಸ್ಥಾವರದ ಇಂಧನ ಸರಳುಗಳ ನಡುವೆ ನೀರು ಎಷ್ಟು ಉಜ್ಜಿಕೊಂಡು ಹರಿಯುತ್ತದೆ, ಎಷ್ಟು ಶಾಖವನ್ನು ಹೊತ್ತೊಯ್ಯುತ್ತದೆ ಎಂಬುದನ್ನು ಒಂದು ಹನಿ ನೀರನ್ನೂ ಮುಟ್ಟದೆ ಹೇಳಬಲ್ಲ ತಮಗೆ, ಇಪ್ಪತ್ತಾರು ವರ್ಷಗಳಿಂದ ಅದೇ ನೀರಿನಲ್ಲಿ ಕೈ ಸುಟ್ಟುಕೊಳ್ಳುತ್ತಿರುವ, ಪ್ರಯೋಗಶಾಲೆಯ ಮೆಕ್ಯಾನಿಕ್ ಒಬ್ಬನ ಸಾಷ್ಟಾಂಗ ನಮಸ್ಕಾರಗಳು. ತಾವು ಮೇಲ್ಮಹಡಿಯ ತಂಪು ಕೊಠಡಿಯಲ್ಲಿ ಕ್ಷೇಮವೆಂದು ನಂಬಿದ್ದೇನೆ. ಕೆಳಗೆ ಪಂಪಿನ ಸದ್ದಿಗೆ ಅರ್ಧ ಕಿವಿ ಕಳೆದುಕೊಂಡಿರುವ ನಾವೂ ಒಂದು ಬಗೆಯಲ್ಲಿ ಕ್ಷೇಮ.

ಇಲ್ಲಿ ನಾವು ವಿದ್ಯುತ್ತಿನಿಂದ ಕಾಯುವ ಮೂವತ್ತೇಳು ಸರಳುಗಳ ನಕಲು ಕಟ್ಟೊಂದನ್ನು ಇಟ್ಟುಕೊಂಡು, ಅದರೊಳಗೆ ನೀರು ಹರಿಸಿ ಅಳೆಯುತ್ತೇವೆ. ಮೊದಲ ಸಲ ತಮ್ಮ ಲೆಕ್ಕಕ್ಕೂ ನಮ್ಮ ಅಳತೆಗೂ ಅಜಗಜಾಂತರವಿತ್ತು. ಆಗ ನಮ್ಮ ವಿಭಾಗದ ಮುಖ್ಯಸ್ಥರು ನಮ್ಮ ಅಳತೆಗಳನ್ನೇ ತರಿಸಿಕೊಂಡು, ತಮ್ಮೊಳಗಿನ ಘರ್ಷಣೆಯ ಗುಣಾಂಕವನ್ನು, ಅಂದರೆ ನೀರಿನ ಉಜ್ಜಾಟಕ್ಕೆ ತಾವಿಟ್ಟುಕೊಂಡ ಸಂಖ್ಯೆಯನ್ನು, ಅವಕ್ಕೆ ಹೊಂದುವ ತನಕ ತಿರುಚಿ, ಮರುವಾರ ಅದೇ ಅಳತೆಗಳನ್ನು ಮುಂದಿಟ್ಟು ತಮ್ಮನ್ನು ಪರೀಕ್ಷಿಸಿ, ನೂರಕ್ಕೆ ತೊಂಬತ್ತೊಂಬತ್ತು ಬಂತೆಂದು ಎಲ್ಲರಿಗೂ ಚಹಾ ಕೊಡಿಸಿದರು. ಉತ್ತರಗಳನ್ನು ಕೈಯಲ್ಲಿಟ್ಟುಕೊಂಡೂ ಒಂದು ಅಂಕ ಬಿಟ್ಟುಕೊಟ್ಟಿರಲ್ಲ, ಇಂಥ ವಿನಯ ಯಾರಿಗುಂಟು ಯಾರಿಗಿಲ್ಲ!

ಆ ಒಂದು ಅಂಕವೇ ಏಳನೆಯ ಸರಳು. ಕಾದಾಗ ಅದು ಪಕ್ಕದ ಸರಳಿನತ್ತ ಕೂದಲೆಳೆಯಷ್ಟು ಬಾಗುತ್ತದೆ, ಸಂದು ಕಿರಿದಾಗಿ ನೀರು ಅಲ್ಲಿ ತಡವರಿಸುತ್ತದೆ, ಸರಳು ತಮ್ಮ ಲೆಕ್ಕಕ್ಕಿಂತ ನಲವತ್ತೊಂದು ಡಿಗ್ರಿ ಹೆಚ್ಚು ಕಾಯುತ್ತದೆ. ತಮ್ಮ ರಾಜ್ಯದಲ್ಲಿ ಸರಳುಗಳು ಬಾಗುವುದಿಲ್ಲ, ಬಾಗುವವರು ಮುಖ್ಯಸ್ಥರು ಮಾತ್ರ. "ಥರ್ಮೋಕಪಲ್ ಕೆಟ್ಟಿರ್ಬೇಕು ಕಣಯ್ಯ, ಮಾಡೆಲ್ ಸುಳ್ಳು ಹೇಳುತ್ತಾ?" ಎಂದು ಅವರು ಗದರಿದ್ದಕ್ಕೆ, ಶಾಖ ಅಳೆಯುವ ಆ ತಂತಿಯನ್ನು ಮೂರು ಸಲ ಬದಲಿಸಿದೆ. ಮೂರೂ ಅದನ್ನೇ ಹೇಳಿದವು. ಹೊಸ ತಂತಿಗಳು ಮೂರೂ ಸೇರಿ ತಮ್ಮ ವಿರುದ್ಧ ಪಿತೂರಿ ನಡೆಸಿವೆಯೆಂದೇ ತೀರ್ಮಾನವಾಗಿರಬೇಕು, ಈಗ "ಅಳತೆ ದೋಷಪೂರಿತ" ಎಂಬ ವರದಿ ತಯಾರಾಗಿದೆ, ಅದರ ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದಾರೆ. ಸಹಿ ಬಿದ್ದರೆ ತಮ್ಮ ಲೆಕ್ಕವನ್ನೇ ನಂಬಿ ನಿಜವಾದ ಸ್ಥಾವರವನ್ನು ಇನ್ನೂ ಶೇಕಡಾ ಆರರಷ್ಟು ಕಾಯಿಸುತ್ತಾರಂತೆ. ಅಲ್ಲಿ ನಿಯಂತ್ರಣ ಕೊಠಡಿಯಲ್ಲಿ ಪಾಳಿಗೆ ಕೂರುವವಳು ನನ್ನ ಮಗಳು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ನನಗೆ ಭಯವಾಗುತ್ತಿದೆ, ಅದಕ್ಕಿಂತ ಹೆಚ್ಚಾಗಿ ಮೈ ಉರಿಯುತ್ತಿದೆ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಕೆಳಗಿಳಿದು ಬಂದು, ನೆಟ್ಟಗೆ ನಿಲ್ಲುವಂತೆ ಏಳನೆಯ ಸರಳಿಗೆ ಬುದ್ಧಿ ಹೇಳಬೇಕು. ಗುಣಾಂಕದ ಮಾತು ಮೀರಿ ಹರಿಯಕೂಡದೆಂದು ನೀರಿಗೆ ಲಿಖಿತ ಎಚ್ಚರಿಕೆ ಕೊಡಬೇಕು. ಇಬ್ಬರೂ ಕೇಳದಿದ್ದರೆ, ಕರಗುವ ಮುನ್ನ ತಮ್ಮ ಪೂರ್ವಾನುಮತಿ ಪಡೆಯತಕ್ಕದ್ದೆಂದು ಲೋಹಕ್ಕೊಂದು ಸುತ್ತೋಲೆ ಹೊರಡಿಸಬೇಕು. ಇಷ್ಟು ನಡೆದ ದಿನ ನಾನು ಎರಡೂ ಕೈಯಲ್ಲಿ ಸಹಿ ಹಾಕುತ್ತೇನೆ.

ತಮ್ಮ ವಿಶ್ವಾಸಕ್ಕೆ ಪಾತ್ರನಾಗುವ ಆಸೆ ಬಿಟ್ಟ,
ಕೆಳಮಹಡಿಯ ಮೆಕ್ಯಾನಿಕ್

ವಿ.ಸೂ.: ಸಹಿಗೆ ಬಿಟ್ಟ ಜಾಗ ವ್ಯರ್ಥವಾಗಬಾರದೆಂದು ಅಲ್ಲಿ ಮೂರೂ ಸಲದ ಅಳತೆಗಳನ್ನು ಶಾಯಿಯಲ್ಲಿ ಬರೆದು, ಸುರಕ್ಷತಾ ಸಮಿತಿಯ ಎಲ್ಲ ಸದಸ್ಯರಿಗೂ ಮಗಳ ಪಾಳಿಯವರಿಗೂ ಬೆಳಿಗ್ಗೆಯೇ ಪ್ರತಿಗಳನ್ನು ಮುಟ್ಟಿಸಿದ್ದೇನೆ. ಮುಖ್ಯಸ್ಥರು ಇದೋ ಮೆಟ್ಟಿಲಿಳಿದು ನನ್ನತ್ತಲೇ ಬರುತ್ತಿದ್ದಾರೆ. ಅವರ ಮುಖ ಎಷ್ಟು ಡಿಗ್ರಿ ಕಾದಿದೆಯೆಂದು ತಾವೇ ಲೆಕ್ಕ ಹಾಕಿ ತಿಳಿಸಿ, ನನ್ನ ಥರ್ಮೋಕಪಲ್ ಕೆಟ್ಟಿದೆಯಲ್ಲ.