ಅತ್ತೆಯ ಬಾಯಿಗೊಂದು ಬೀಗ

ಹೊರದೇಶದವರನ್ನು ಅರ್ಥಮಾಡಿಕೊಳ್ಳುವುದರಲ್ಲಿ ತನ್ನನ್ನು ಮೀರಿಸುವವರು ಈ ಭೂಮಂಡಲದಲ್ಲೇ ಇಲ್ಲವೆಂದು ಬೀಗದ ಸಾಹೇಬರು ಆ ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿದರು. ಬೀಗದ ಕಾರ್ಖಾನೆಯೊಂದರಲ್ಲಿ ಮಾರಾಟದ ಮುಖ್ಯಸ್ಥರಾದ್ದರಿಂದ ಬೀದಿಯವರು ಇಟ್ಟ ಹೆಸರು ಅದು. ಹೊರದೇಶದವರ ರೀತಿನೀತಿ ಕಲಿಸುವ ತರಬೇತಿಗೆ ಕಂಪನಿ ಖರ್ಚಿನಲ್ಲಿ ಹೋಗಿಬಂದ ಮೇಲಂತೂ ಅವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಂದು ಮಧ್ಯಾಹ್ನ ಊಟಕ್ಕೆ ಬರುವವರೇನು ಸಾಮಾನ್ಯರೇ! ಸಮುದ್ರದಾಚೆಯಿಂದ ಬೀಗ ಕೊಳ್ಳಲು ಬಂದ ದೊಡ್ಡ ವ್ಯಾಪಾರಿ ಹೆಂಗಸು. ಆಕೆ ಒಪ್ಪಿದರೆ ಕಾರ್ಖಾನೆಗೆ ವರ್ಷವಿಡೀ ಕೆಲಸ. ಒಪ್ಪದಿದ್ದರೆ? "ಹೊಸ ಮೆಷಿನ್ನು ನಿಲ್ಲಿಸ್ತೀನಿ. ಅದಕ್ಕೂ ಮುಂಚೆ ನಿಮ್ಮ ಕುರ್ಚಿ ಎತ್ತಿಸ್ತೀನಿ" ಎಂದು ಮಾಲೀಕರು ನಗುನಗುತ್ತಲೇ ಹೇಳಿ ಕಳಿಸಿದ್ದರು.

"ಎಲ್ಲರೂ ಕೇಳಿಸ್ಕೊಳ್ಳಿ. ಆ ದೇಶದವರಿಗೆ ಮೌನ ಅಂದ್ರೇನೇ ಮರ್ಯಾದೆ. ಮೊದಲು ಬಾಯಿ ಬಿಟ್ಟೋರು ಸೋತ ಹಾಗೆ. ಅವರಾಗಿ ಮಾತಾಡೋವರೆಗೂ ಈ ಮನೇಲಿ ಯಾರೂ ತುಟಿ ಪಿಟಕ್ ಅನ್ನಬಾರದು!"

"ರೀ, ಊಟಕ್ಕೆ ಕರೆದು ಗೋಡೆ ನೋಡ್ಕೊಂಡು ಕೂತ್ರೆ ಏನಂದ್ಕೊಳ್ತಾರೆ?" ಎಂದಳು ಹೆಂಡತಿ.

"ತರಬೇತಿಗೆ ಹೋಗಿದ್ದು ನೀನಾ, ನಾನಾ?"

ನಿಜವಾದ ಗಂಡಾಂತರ ಹೆಂಡತಿಯಿಂದಲ್ಲ, ಅವಳ ತಾಯಿಯಿಂದ. ಅತ್ತೆಯವರು ರಾಂಗ್ ನಂಬರಿನಿಂದ ಫೋನು ಬಂದರೂ ಆ ಮನೆಯವರೆಲ್ಲರ ಕ್ಷೇಮ ವಿಚಾರಿಸದೆ ಕೆಳಗಿಡುವವರಲ್ಲ. ಸಾಹೇಬರು ತಮ್ಮ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. "ಅತ್ತೆ, ಇವತ್ತೊಂದು ದಿನ ಬಾಯಿಗೆ ಬೀಗ."

"ಆಯ್ತು ಅಳಿಯಂದ್ರೆ. ನಿಮ್ಮ ಕುರ್ಚಿ ಉಳಿದ್ರೆ ಸಾಕು. ಪ್ರಾಣ ಹೋದ್ರೂ ಉಸಿರೆತ್ತಲ್ಲ, ನನ್ನಾಣೆ!"

ಇನ್ನು ಉಳಿದದ್ದು ಪ್ರದರ್ಶನ. ಅತಿಥಿ ಕೈ ತೊಳೆಯಲು ಹೋದಾಗ ಕಣ್ಣಿಗೆ ಬೀಳಲೆಂದು ಕಂಪನಿಯ ಹೊಸ ಬೀಗವನ್ನು ಸಾಹೇಬರು ಬಚ್ಚಲುಮನೆಯ ಬಾಗಿಲಿಗೆ ಸ್ವಹಸ್ತದಿಂದ ಕೂರಿಸಿದರು. ಬಾಗಿಲು ಎಳೆದರೆ ತಾನಾಗಿಯೇ ಬೀಳುವ ಬೀಗ ಅದು! ಹೊರಗಿನಿಂದ ತೆಗೆಯಲು ಕೀಲಿಕೈ ಬೇಕು, ಒಳಗಿರುವವರು ಒಂದು ಗುಂಡಿ ತಿರುಗಿಸಿದರೆ ಸಾಕು.

"ಬಡಗಿನ ಕರೆಸಬಾರದಾ?" ಎಂದಳು ಹೆಂಡತಿ.

"ಬೀಗ ಮಾರೋನಿಗೆ ಬೀಗ ಹಾಕೋಕೆ ಬರಲ್ವಾ?"

ಅತಿಥಿ ಬಂದರು. ಬೆಳ್ಳಿ ಕೂದಲು, ನೆಟ್ಟಗಿನ ನಿಲುವು. ಮಾತಿಲ್ಲದೆ ತಲೆಬಾಗಿದರು. ಮನೆಯವರೂ ಮಾತಿಲ್ಲದೆ ತಲೆಬಾಗಿದರು. ಅತ್ತೆಯವರು ಉಕ್ಕಿ ಬರುತ್ತಿದ್ದ ಮಾತನ್ನೆಲ್ಲ ಹಲ್ಲು ಕಚ್ಚಿ ತಡೆದು, ಕೈ ತೊಳೆಯಲು ಒಳಗೆ ಹೋದರು. ಉಳಿದವರು ಮೇಜಿನ ಮುಂದೆ ಕೂತರು. ಸೂಪು ಹಬೆಯಾಡುತ್ತಿತ್ತು.

ಆಹಾ, ಏನು ಮೌನ! ಸಾಹೇಬರ ಮೈ ಜುಂ ಎಂದಿತು. ಚಮಚವನ್ನೂ ಮುಟ್ಟದೆ, ಕೈಗಳನ್ನು ಮಡಿಲಲ್ಲಿಟ್ಟು ಕೂತ ಆಕೆಯ ಗಾಂಭೀರ್ಯವೇನು, ತಾಳ್ಮೆಯೇನು! ಎರಡು ಮಹಾ ಸಂಸ್ಕೃತಿಗಳು ತಮ್ಮ ಊಟದ ಮೇಜಿನ ಮೇಲೆ ಮುಖಾಮುಖಿಯಾಗಿವೆ ಎನಿಸಿ ಅವರ ಕಣ್ಣು ಒದ್ದೆಯಾಯಿತು. ಸೂಪು ಆರಿತು, ಕೆನೆಗಟ್ಟಿತು. ಯಾರೂ ಕದಲಲಿಲ್ಲ.

ಎಲ್ಲೋ ಟಕ್ ಟಕ್ ಸದ್ದು. ಮೇಲಿನ ಮನೆಯವರಿಗೆ ಮೊಳೆ ಹೊಡೆಯಲು ಇದೇ ಹೊತ್ತೇ ಸಿಗಬೇಕೇ ಎಂದು ಸಾಹೇಬರು ಹುಬ್ಬು ಗಂಟಿಕ್ಕಿದರು. ಹೆಂಡತಿ ಕಣ್ಣರಳಿಸಿದಳು, ಕತ್ತು ಓರೆ ಮಾಡಿದಳು, ಕೊನೆಗೆ ಮೇಜಿನ ಕೆಳಗೆ ಅವರ ಕಾಲಿಗೆ ಜಾಡಿಸಿ ಒದ್ದಳು. ಸಾಹೇಬರು ತುಟಿಯ ಮೇಲೆ ಬೆರಳಿಟ್ಟರು. ಅತಿಥಿಯೋ ಅತ್ತೆಯ ಖಾಲಿ ಕುರ್ಚಿಯನ್ನೇ ಮತ್ತೆ ಮತ್ತೆ ನೋಡುತ್ತಿದ್ದರು. ಕುರ್ಚಿಯ ಕೆತ್ತನೆಯನ್ನು ಮೆಚ್ಚುವ ಇವರ ಕಲಾಭಿರುಚಿ ಎಷ್ಟು ದೊಡ್ಡದು ಎಂದು ಸಾಹೇಬರು ಇನ್ನಷ್ಟು ಬೆರಗಾದರು.

ಇದ್ದಕ್ಕಿದ್ದಂತೆ ಅತಿಥಿ ಎದ್ದು ನಡೆದೇಬಿಟ್ಟರು! ಮುಗಿಯಿತು, ಕುರ್ಚಿ ಹೋಯಿತು! ಸಾಹೇಬರು ಹಿಂದೆಯೇ ಓಡಿದರು. ಆಕೆ ನಿಂತದ್ದು ಬಚ್ಚಲುಮನೆಯ ಮುಂದೆ. ಬಾಗಿಲ ಕೆಳಗಿನ ಸಂದಿಯಿಂದ ಟವೆಲಿನ ಒಂದು ತುದಿ ಹೊರಗೆ ಬಂದು, ಶರಣಾಗತರ ಬಾವುಟದಂತೆ ಅತ್ತಿತ್ತ ಆಡುತ್ತಿತ್ತು.

"ಅಯ್ಯೋ, ಅತ್ತೆ! ಒಳಗೆ ಸಿಕ್ಕಿಹಾಕ್ಕೊಂಡಿದ್ದೀರಾ?" ಸಾಹೇಬರು ಕಿರುಚಿದರು.

ಮಾತಿಲ್ಲ. ಟವೆಲು ಮಾತ್ರ ಜೋರಾಗಿ ಆಡಿತು.

"ಮಾತಾಡಿ ಅತ್ತೆ!"

ಒಳಗಿನಿಂದ ಪಿಸುದನಿ ಬಂತು: "ಅವರು ಮಾತಾಡಿ ಆಯ್ತಾ ಅಳಿಯಂದ್ರೆ?"

ಸಾಹೇಬರು ಕೀಲಿಕೈಗಾಗಿ ಜೇಬು ತಡಕಿದರು, ಕಪಾಟು ಜಾಲಾಡಿದರು, ಸೂಪಿನ ಪಾತ್ರೆಯನ್ನೂ ಎತ್ತಿ ನೋಡಿದರು. ಅಷ್ಟರಲ್ಲಿ ಅತಿಥಿ ಎರಡೇ ಬೆರಳಲ್ಲಿ ಗುಂಡಿ ತಿರುಗಿಸಿದರು. ಬಾಗಿಲು ತೆರೆಯಿತು! ಒಳಗೆ ಕೀಲಿಯ ತೂತು, ಹೊರಗೆ ಗುಂಡಿ. ಆಕೆ ಎರಡೂ ಬದಿ ನೋಡಿ, ತಮಗೂ ಸಾಹೇಬರಿಗೂ ಬರುವ ವ್ಯಾಪಾರದ ಭಾಷೆಯಲ್ಲಿ ಹೇಳಿದರು:

"ಬೀಗ ತುಂಬಾ ಚೆನ್ನಾಗಿದೆ. ಉಲ್ಟಾ ಹಾಕಿದ್ದಾರೆ. ಯಾರು ಹಾಕಿದ್ದು?"

ಆ ಭಾಷೆ ಬಾರದಿದ್ದರೂ ಹೆಂಡತಿ ಗಂಡನ ಕಡೆ ಬೆರಳು ತೋರಿಸಿದಳು.

ಆಮೇಲೆ ಅತಿಥಿ ಗೋಡೆಗೊರಗಿ ಉಸಿರುಬಿಟ್ಟರು. "ಬರೋಕೆ ಮುಂಚೆ ನಾನೂ ತರಬೇತಿಗೆ ಹೋಗಿದ್ದೆ. ನಿಮ್ಮಲ್ಲಿ ಮನೆಯ ಹಿರಿಯರು ಶುರುಮಾಡೋವರೆಗೂ ಅತಿಥಿ ಮಾತಾಡಬಾರದು, ಊಟ ಮುಟ್ಟಬಾರದು ಅಂದ್ರು. ಹಿರಿಯರು ಬರಲೇ ಇಲ್ಲ! ನನ್ನಿಂದ ಏನು ತಪ್ಪಾಯ್ತೋ ಅಂತ ಜೀವ ಬಾಯಿಗೆ ಬಂದಿತ್ತು."

"ಹಾಗಾದ್ರೆ... ನಿಮ್ಮಲ್ಲಿ ಮೌನ ಅಂದ್ರೆ ಮರ್ಯಾದೆ ಅಂತ..."

"ಅದು ಬೆಲೆ ಮಾತಾಡುವಾಗ! ಊಟಕ್ಕೆ ಕೂತ್ರೆ ನಮ್ಮವರ ಬಾಯಿ ಮುಚ್ಚಿಸೋಕೆ ಯಾರಿಂದಲೂ ಆಗಲ್ಲ."

ಸಾಹೇಬರು ಆಕೆಯನ್ನು ಬೆರಗಿನಿಂದ ನೋಡಿದರು. ತಾವಿಲ್ಲಿ ಹೆದರಿ ಹೆದರಿ ಕಲಿತಂತೆಯೇ, ಇಷ್ಟು ದೊಡ್ಡ ಮನುಷ್ಯರು ತಮ್ಮಂಥವರ ಮನಸ್ಸು ನೋಯಿಸಬಾರದೆಂದು ಸಮುದ್ರದಾಚೆ ಕೂತು ಕಲಿತು ಬಂದಿದ್ದಾರಲ್ಲ!

ಅದಕ್ಕಿಂತ ದೊಡ್ಡ ಬೆರಗು ಮೇಜಿನ ಬಳಿ ಕಾದಿತ್ತು. ಸೂಪು ಮತ್ತೆ ಬಿಸಿಯಾಗುವಷ್ಟರಲ್ಲಿ ಅತ್ತೆಯವರು ತಮ್ಮ ಭಾಷೆಯಲ್ಲಿ ಮಂಡಿನೋವಿನ ಕಥೆ ಹೇಳಿದರು, ಅತಿಥಿ ತಮ್ಮ ಭಾಷೆಯಲ್ಲಿ ಸೊಂಟನೋವಿನದು. ಒಬ್ಬರ ಒಂದಕ್ಷರ ಇನ್ನೊಬ್ಬರಿಗೆ ಬಾರದು. ಆದರೂ ಇಬ್ಬರೂ ಸರಿಯಾದ ಜಾಗದಲ್ಲಿ "ಅಯ್ಯೋ" ಎನ್ನುತ್ತಿದ್ದರು, ಸರಿಯಾದ ಜಾಗದಲ್ಲೇ ನಗುತ್ತಿದ್ದರು! ಯಾವ ತರಬೇತಿಯಲ್ಲೂ ಸಾಹೇಬರು ಇಂಥದ್ದನ್ನು ಕಂಡಿರಲಿಲ್ಲ.

ಹೊರಡುವಾಗ ಅತಿಥಿ ಅತ್ತೆಯವರ ಕೈ ಹಿಡಿದುಕೊಂಡು ಸಾಹೇಬರಿಗೆ ಹೇಳಿದರು: "ನಾಳೆ ಕಾರ್ಖಾನೆಗೆ ಬಂದು ಸಹಿ ಹಾಕ್ತೀನಿ. ಇವರನ್ನೂ ಕರ್ಕೊಂಡು ಬನ್ನಿ, ಮಾತಾಡೋಕೆ. ನೀವು ಮಾತ್ರ..." ಎಂದು ನಗುತ್ತಾ ತುಟಿಯ ಮೇಲೆ ಬೆರಳಿಟ್ಟರು.

ಕುರ್ಚಿ ಉಳಿದ ಸಂತೋಷಕ್ಕೆ ಸಾಹೇಬರು ನಗಲು ನೋಡಿದರು, ನಗು ಬರಲಿಲ್ಲ. "ನಾನ್ಯಾಕೆ ಬಾಯಿ ಮುಚ್ಕೋಬೇಕು?" ಎಂದು ಗೊಣಗಿದರು.

ಅತ್ತೆಯವರು ಅಳಿಯನ ಬೆನ್ನು ತಟ್ಟಿದರು. "ಮೊದಲು ಬಾಯಿ ಬಿಟ್ಟೋರು ಸೋತ ಹಾಗೆ ಅಂತ ನೀವೇ ಹೇಳಿದ್ರಲ್ಲ ಅಳಿಯಂದ್ರೆ? ಬಚ್ಚಲುಮನೆ ಮುಂದೆ ಮೊದಲು ಕಿರುಚಿದ್ದು ಯಾರು?"